ಬಳ್ಳಾರಿಯಲ್ಲಿ ಸುಷ್ಮಾ ಸೋತದ್ದು, ಆಮೇಲೆ ನಡೆದದ್ದು

ಚುನಾವಣೆ ಬಂದಾಗಲೆಲ್ಲ ಬಳ್ಳಾರಿಯಲ್ಲಿ ಒಂದು ವಾದ ಏಳುತ್ತದೆ. ಇಲ್ಲಿ ಕಮಲ ಅರಳಿಸಿದ್ದು ಸುಷ್ಮಾ ಸ್ವರಾಜ್ ಅಂತ ಒಬ್ಬರು, ಅಲ್ಲಪ್ಪ, ಅದಿರಿನ ದುಡ್ಡು ಅಂತ ಇನ್ನೊಬ್ಬರು. ಸುಷ್ಮಾ ಇಲ್ಲಿ ಗೆದ್ದಿದ್ದರು ಅಂತಲೇ ನಂಬಿರುವ ಹುಡುಗರೂ ಸಿಗುತ್ತಾರೆ. ಗೆದ್ದಿರಲಿಲ್ಲ. 1999ರಲ್ಲಿ ಸೋನಿಯಾ ಗಾಂಧಿ ಎದುರು ಸುಮಾರು 56 ಸಾವಿರ ಮತಗಳಿಂದ ಸೋತಿದ್ದರು.

ಸೋಲು ಅವರಿಗೆ ಹೊಸದೂ ಆಗಿರಲಿಲ್ಲ. 1952ರಲ್ಲಿ ಅಂಬಾಲದಲ್ಲಿ ಹುಟ್ಟಿ, ವಕೀಲಿಕೆ ಮಾಡಿ, 25ನೇ ವಯಸ್ಸಿಗೇ ಹರಿಯಾಣದಲ್ಲಿ ಸಚಿವೆಯಾದವರು. ಆದರೆ ಕರ್ನಾಲ್‌ನಿಂದ ಲೋಕಸಭೆಗೆ ಮೂರು ಸಲ ನಿಂತು ಮೂರು ಸಲವೂ ಸೋತರು. ದೆಹಲಿಯ ಮೊದಲ ಮಹಿಳಾ ಮುಖ್ಯಮಂತ್ರಿ ಎಂಬ ಹೆಸರು ಬಂದದ್ದು 1998ರಲ್ಲಿ. ಅದೂ ಈರುಳ್ಳಿ ಬೆಲೆ ಏರಿ ಜನ ಕುದಿಯುತ್ತಿದ್ದಾಗ. ಎರಡು ತಿಂಗಳೂ ತುಂಬಲಿಲ್ಲ, ಪಕ್ಷ ಸೋತಿತು. ಕಷ್ಟದ ಜಾಗ ಇದ್ದರೆ ಅವರನ್ನೇ ಕಳಿಸುವುದು ಪಕ್ಷಕ್ಕೆ ರೂಢಿಯಾಗಿತ್ತೇನೋ.

ಬಳ್ಳಾರಿಯಂತೂ ಮೊದಲ ಲೋಕಸಭಾ ಚುನಾವಣೆಯಿಂದಲೂ ಕಾಂಗ್ರೆಸ್ ಕೈ ಬಿಡದ ಕ್ಷೇತ್ರ. 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರು ಒದಗಿದ ಹಾಗೆ ಸೋನಿಯಾಗೆ ಬಳ್ಳಾರಿ ಒದಗಿತು. ಹೆಣ್ಣುಮಗಳನ್ನು ಸಂಸತ್ತಿಗೆ ಕಳಿಸುವುದು ಈ ಊರಿಗೆ ದೊಡ್ಡ ವಿಷಯವೂ ಆಗಿರಲಿಲ್ಲ. ಬಸವರಾಜೇಶ್ವರಿ ಅವರು 1984ರಿಂದ ಸತತ ಮೂರು ಸಲ ಇಲ್ಲಿಂದ ಗೆದ್ದು ಕೇಂದ್ರದಲ್ಲಿ ಸಚಿವೆಯೂ ಆಗಿದ್ದರು. ದೆಹಲಿಯಿಂದ ಬಂದ ಪತ್ರಕರ್ತರಿಗೆ ಇದೆಲ್ಲ ಎಲ್ಲಿ ನೆನಪಿರಬೇಕು?

ನಾಮಪತ್ರಕ್ಕೆ ಕೊನೆಯ ದಿನ ಇಬ್ಬರೂ ಬಂದಿಳಿದರು. ‘ಸ್ವದೇಶಿ ಬೇಟಿ, ವಿದೇಶಿ ಬಹೂ’ ಅನ್ನುವ ಘೋಷಣೆ ಊರೆಲ್ಲ ಹರಡಿತು. ಸೊಸೆಯನ್ನು ಹೊರಗಿನವಳು ಅನ್ನುವ ಆ ಮಾತು ನಮ್ಮ ಕಡೆಯ ಹೆಂಗಸರಿಗೆ ಎಷ್ಟು ರುಚಿಸಿತೋ ಗೊತ್ತಿಲ್ಲ. ಸುಷ್ಮಾ ಹತ್ತಿರವಾದದ್ದು ಬೇರೆ ಕಾರಣಕ್ಕೆ. ಹಣೆ ತುಂಬ ಕುಂಕುಮ, ಸೀರೆ ಮೇಲೊಂದು ತೋಳಿಲ್ಲದ ಜಾಕೆಟ್, ಬಾಯಲ್ಲಿ ಆಗಷ್ಟೇ ಕಲಿತ ಕನ್ನಡ. ಸುಮ್ನೆ ‘ನಮಸ್ಕಾರ’ ಅಂತ ಶುರುಮಾಡಿ ಹಿಂದಿಗೆ ಜಾರುವವರನ್ನು ಜನ ಬೇಕಾದಷ್ಟು ನೋಡಿದ್ದರು. ಇವರು ಕೆಲವೇ ವಾರದಲ್ಲಿ ಕನ್ನಡದಲ್ಲೇ ಭಾಷಣ ಮಾಡಿದರು. ಮೂರೂವರೆ ಲಕ್ಷಕ್ಕಿಂತ ಜಾಸ್ತಿ ಮತ ಬಿತ್ತು.

ಅಮೇಠಿಯಲ್ಲೂ ಗೆದ್ದಿದ್ದ ಸೋನಿಯಾ ಅದನ್ನೇ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಊರಿಗೆ ಬೇಜಾರಾಗದೆ ಇರುತ್ತಾ? ಸೋತ ಸುಷ್ಮಾ ಮಾತ್ರ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬರುತ್ತಿದ್ದರು. ಪ್ರಚಾರದ ವೇಳೆ ಆಸರೆ ಕೊಟ್ಟಿದ್ದ ವೈದ್ಯರ ಮನೆಯಲ್ಲಿ ಪೂಜೆಗೆ ಕೂರುತ್ತಿದ್ದರು. ಸೋತವರು ಹೀಗೆ ತಿರುಗಿ ಬರುವುದು ರಾಜಕೀಯದಲ್ಲಿ ಅಪರೂಪ, ಅಲ್ವಾ?

ಆದರೆ ಕಮಲ ಅರಳಿದ ಲೆಕ್ಕ ಅಷ್ಟು ಸಲೀಸಲ್ಲ. 2000ದ ಉಪಚುನಾವಣೆಯಲ್ಲೂ ಗೆದ್ದದ್ದು ಕಾಂಗ್ರೆಸ್ಸೇ. ಬಿಜೆಪಿ ಮೊದಲ ಸಲ ಗೆದ್ದದ್ದು 2004ರಲ್ಲಿ. ಅಷ್ಟೊತ್ತಿಗೆ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿ, ಸಂಡೂರು, ಹೊಸಪೇಟೆ ಕಡೆಯ ಅದಿರಿಗೆ ಚಿನ್ನದ ಬೆಲೆ ಬರತೊಡಗಿತ್ತು. ರಸ್ತೆ ತುಂಬ ಲಾರಿ, ಗಿಡದ ಎಲೆ ಮೇಲೆಲ್ಲ ಕೆಂಪು ಧೂಳು. ಗಣಿ ಮತ್ತು ರಾಜಕೀಯ ಎಲ್ಲಿ ಬೇರೆಯಾಗುತ್ತವೆ ಅಂತ ಹೇಳುವುದೇ ಕಷ್ಟವಾಯಿತು. ಗಣಿ ಉದ್ಯಮದಿಂದ ಬಂದ ಸಚಿವರ ತಲೆ ಮೇಲೆ ಸುಷ್ಮಾ ಕೈಯಿಟ್ಟ ಹಬ್ಬದ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅವರು ಸಚಿವರಾದದ್ದರಲ್ಲಿ ತನ್ನ ಪಾತ್ರವಿಲ್ಲ ಎಂದು 2011ರಲ್ಲಿ ಸುಷ್ಮಾ ಹೇಳಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಮುಂದೆ ಅವರು ವಿದೇಶಾಂಗ ಸಚಿವೆಯಾದರು. 2019ರ ಆಗಸ್ಟ್ 6ರಂದು ತೀರಿಕೊಂಡರು. ಆ ವರ್ಷದ ವರಮಹಾಲಕ್ಷ್ಮಿಗೆ ಮೂರೇ ದಿನ ಉಳಿದಿತ್ತು.

ಕ್ಷೇತ್ರ ಮಾತ್ರ ಯಾರ ಸ್ವತ್ತಾಗಿಯೂ ಉಳಿದಿಲ್ಲ. 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್, 2019ರಲ್ಲಿ ಬಿಜೆಪಿ, 2024ರಲ್ಲಿ ಮತ್ತೆ ಕಾಂಗ್ರೆಸ್. 2024ರಲ್ಲಿ ಗೆದ್ದ ಇ. ತುಕಾರಾಂ ಅದಿರಿನ ಸಂಡೂರಿನಿಂದಲೇ ಬಂದವರು.