ಸೇದುವವರು ಕಡಿಮೆಯಾದರು, ಸಾವಿನ ಲೆಕ್ಕ ಯಾಕೆ ಇಳಿದಿಲ್ಲ?

ಕಾರವಾರದಲ್ಲಿ ಕ್ಯಾನ್ಸರ್ ಮಾತು ಬಂತೆಂದರೆ ಎರಡೇ ನಿಮಿಷದಲ್ಲಿ ಅದು ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಹೋಗಿ ನಿಲ್ಲುತ್ತದೆ. ಶಿರಸಿ ಕಡೆ ಆದರೆ ತೋಟಕ್ಕೆ ಹೊಡೆಯುವ ಔಷಧಿಗೆ. ನಡುವೆ ಒಬ್ಬರು "ನಮ್ಮಜ್ಜ ತೊಂಬತ್ತರವರೆಗೂ ಬೀಡಿ ಸೇದಿದ್ದ, ಏನೂ ಆಗ್ಲಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಈಗ ಸೇದೋರೇ ಕಡಿಮೆ, ಆದ್ರೂ ಕ್ಯಾನ್ಸರ್ ಜಾಸ್ತಿ ಆಯ್ತಲ್ಲ" ಅನ್ನುತ್ತಾರೆ. ಅಜ್ಜನ ಮಾತು ಬಿಡಿ, ಅಂಥ ಅಜ್ಜ ಎಲ್ಲ ಊರಲ್ಲೂ ಒಬ್ಬರು ಇರುತ್ತಾರೆ. ಎರಡನೆಯ ಮಾತು ಮಾತ್ರ, ಶ್ವಾಸಕೋಶದ ಕ್ಯಾನ್ಸರ್ ಹಿಡಿದು, ಬಿಡಿಸಿ ನೋಡುವಂಥದ್ದು.

ತಂಬಾಕು ನಮ್ಮ ಕಡೆ ಬಂದು ನಾನೂರು ವರ್ಷ ಆಯಿತು. ಪೋರ್ಚುಗೀಸರು ತಂದ ಎಲೆ 1604ರ ಸುಮಾರಿಗೆ ವಿಜಯಪುರದಿಂದ ಅಕ್ಬರನ ದರ್ಬಾರಿಗೂ ಹೋಗಿತ್ತು. ಆಮೇಲೆ ಹುಕ್ಕಾ, ನಸ್ಯ, ಕವಳ (ಎಲೆ ಅಡಿಕೆ), ಬೀಡಿ. ಶ್ವಾಸಕೋಶದ ಕ್ಯಾನ್ಸರ್ ಆಗೆಲ್ಲ ಅಪರೂಪದ ಕಾಯಿಲೆ. ಯಂತ್ರದಲ್ಲಿ ಸುತ್ತಿದ ಅಗ್ಗದ ಸಿಗರೇಟು ಬಂದಮೇಲೆ ಯುರೋಪ್, ಅಮೆರಿಕಗಳಲ್ಲಿ ಚಿತ್ರ ಬದಲಾಯಿತು. 1948ರಲ್ಲಿ ಬ್ರಿಟನ್ನಿನ ಗಂಡಸರಲ್ಲಿ ನೂರಕ್ಕೆ 82 ಜನ ತಂಬಾಕು ಸೇದುತ್ತಿದ್ದರು.

ಅಲ್ಲಿ ಈ ಕ್ಯಾನ್ಸರ್ ಯಾಕೆ ಏರುತ್ತಿದೆ ಎಂದು ಹುಡುಕಲು ಹೊರಟ ಬ್ರಿಟಿಷ್ ವೈದ್ಯ ರಿಚರ್ಡ್ ಡಾಲ್ ಅವರಿಗೆ ಮೊದಲು ಅನುಮಾನ ಇದ್ದದ್ದು ರಸ್ತೆಯ ಡಾಂಬರು ಮತ್ತು ಕಾರಿನ ಹೊಗೆಯ ಮೇಲೆ. ಆಸ್ಪತ್ರೆಯ ರೋಗಿಗಳನ್ನು ವಿಚಾರಿಸುತ್ತ ಹೋದಂತೆ ಸಿಕ್ಕಿದ್ದು ಸಿಗರೇಟು. ಸ್ವತಃ ಸೇದುತ್ತಿದ್ದ ಅವರು ಸೇದುವುದನ್ನು ಬಿಟ್ಟರು. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಜತೆ ಬರೆದ ವರದಿ 1950ರಲ್ಲಿ ಬಂತು. 1964ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಮುಖ್ಯಸ್ಥ ಸರ್ಜನ್ ಜನರಲ್ ಅವರ ವರದಿ ಬಂದಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. ಕೈಗಾ ಬಗ್ಗೆ ಕೇಳಬಾರದು ಅಂತಲ್ಲ, ಕೇಳಲೇಬೇಕು. ಆದರೆ ಅಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಶುರುವಾಗಿದ್ದು 2000ದಲ್ಲಿ. ಬೀಡಿ ಅದಕ್ಕಿಂತ ಎಷ್ಟೋ ಹಿಂದಿನದು.

ಈಗ ಮುಖ್ಯ ವಿಷಯ. ಅಮೆರಿಕದಲ್ಲಿ ತಲಾ ಸಿಗರೇಟು ಬಳಕೆ ತುದಿ ಮುಟ್ಟಿದ್ದು 1963ರಲ್ಲಿ. ಗಂಡಸರಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವಿನ ಪ್ರಮಾಣ ತುದಿ ಮುಟ್ಟಿದ್ದು 1990ರ ಆಸುಪಾಸಿನಲ್ಲಿ. ನಡುವೆ ಹೆಚ್ಚು ಕಡಿಮೆ ಇಪ್ಪತ್ತೇಳು ವರ್ಷ. ಹೆಂಗಸರು ಸೇದಲು ಶುರು ಮಾಡಿದ್ದು ತಡವಾಗಿ, ಹಾಗಾಗಿ ಅವರ ಸಾವಿನ ಪ್ರಮಾಣ ಇಳಿಯಲು ಶುರುವಾಗಿದ್ದೂ ತಡವಾಗಿ. ಅಂದರೆ ಈ ವರ್ಷ ಸಾಯುವವರ ಲೆಕ್ಕವನ್ನು ಈ ವರ್ಷ ಸೇದುವವರ ಲೆಕ್ಕದ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. 1988ರಲ್ಲಿ, 18ನೇ ವಯಸ್ಸಿಗೆ, ದೋಣಿ ಹತ್ತುವಾಗ ಬೀಡಿ ಹಚ್ಚಿದ ಹುಡುಗನಿಗೆ ಈಗ ಐವತ್ತೈದು ದಾಟಿದೆ. ಆಸ್ಪತ್ರೆಯ ಲೆಕ್ಕಕ್ಕೆ ಅವನು ಬರುವುದು ಈಗ.

ಭಾರತದಲ್ಲಿ ವಯಸ್ಕರ ತಂಬಾಕು ಸಮೀಕ್ಷೆ ಎರಡು ಸಲ ನಡೆದಿದೆ. 2009–10ರಲ್ಲಿ ಸೇದುವವರು ನೂರಕ್ಕೆ 14 ಇದ್ದರು, 2016–17ರಲ್ಲಿ 10.7. ಇಳಿದಿದ್ದು ನಿಜ. ಅದರ ಫಲ ಸಾವಿನ ಲೆಕ್ಕದಲ್ಲಿ ಈಗಲೇ ಕಾಣಬೇಕು ಅಂದರೆ ಹೇಗೆ? 2022ರ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದು ವರ್ಷ ಈ ಕ್ಯಾನ್ಸರಿಗೆ ಸತ್ತವರು ಸುಮಾರು 75 ಸಾವಿರ.

ನಮ್ಮಲ್ಲಿ ಕಾಲದ ಅಂತರವೊಂದೇ ತೊಡಕಲ್ಲ. ಸಿಗರೇಟಿಗಿಂತ ಬೀಡಿ ಸೇದುವವರೇ ಇಲ್ಲಿ ಜಾಸ್ತಿ. ಬೀಡಿಯೊಳಗೆ ಇರುವ ತಂಬಾಕು ಸಿಗರೇಟಿಗಿಂತ ಬಹಳ ಕಡಿಮೆ, ಅದಕ್ಕೇ "ಬೀಡಿ ಅಲ್ವಾ, ಏನಾಗುತ್ತೆ" ಎಂಬ ಧೈರ್ಯ. ಆದರೆ ಸುತ್ತಿದ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಮತ್ತೆ ಮತ್ತೆ ಆರುತ್ತದೆ. ಆರದಂತೆ ಇಡಲು ಜೋರಾಗಿ, ಮೇಲಿಂದ ಮೇಲೆ ಎಳೆಯಬೇಕು. ರಂಪಣಿ ಬಲೆ ಎಳೆದು ಮರಳ ಮೇಲೆ ಕೂತವರು ಸೇದುವುದನ್ನು ಹತ್ತಿರದಿಂದ ನೋಡಿ, ಒಂದೊಂದು ದಮ್ಮಿಗೂ ಕೆನ್ನೆ ಒಳಗೆ ಹೋಗುತ್ತದೆ. ತಂಬಾಕು ಕಡಿಮೆಯಾದರೂ ಎದೆಗೆ ಇಳಿಯುವ ಟಾರ್, ಅಂದರೆ ಹೊಗೆಯ ಅಂಟು, ಸಿಗರೇಟಿಗಿಂತ ಕಡಿಮೆಯೇನಲ್ಲ.

ಇನ್ನು ಸಾವಿನ ಕಾರಣ. ದೇಶದಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸುವುದು ನೋಂದಣಿಯಾದ ಸಾವುಗಳಲ್ಲಿ ಕಾಲುಭಾಗಕ್ಕಿಂತಲೂ ಕಡಿಮೆಗೆ. ಉಳಿದವರು ಮನೆಯಲ್ಲಿ "ಕೆಮ್ಮಾಗಿತ್ತು", "ದಮ್ಮು ಇತ್ತು" ಎಂಬ ಮಾತಿನಲ್ಲೇ ಮುಗಿಯುತ್ತಾರೆ. ಎಕ್ಸ್‌ರೇಯಲ್ಲಿ ಕಂಡ ಕಲೆಯನ್ನು ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದಮೇಲೆ ಕ್ಯಾನ್ಸರ್ ಎಂದು ತಿಳಿಯುವುದೂ ಹೊಸದಲ್ಲ. ಅಷ್ಟರಲ್ಲಿ ಮಂಗಳೂರೋ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ ಎಂದು ಗಾಡಿ ಮಾಡಿಕೊಂಡು ಓಡಾಟ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಸುಮ್ನೆ ಎದ್ದದ್ದಲ್ಲ.

ಟಿಬಿ ಹೆಸರು ಬಂದದ್ದರಿಂದ ಇನ್ನೊಂದು ಮಾತು. ನಮ್ಮಲ್ಲಿ ಹೊಗೆ ಕೊಲ್ಲುವುದು ಕ್ಯಾನ್ಸರಿನಿಂದಲೇ ಅಲ್ಲ. ತಮಿಳುನಾಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಟಿಬಿಯಿಂದ ಸಾಯುವ ಗಂಡಸರಲ್ಲಿ ಅರ್ಧದಷ್ಟು ಸಾವಿಗೆ ಸೇದುವ ಚಟವೇ ಕಾರಣ. ಹೃದಯಾಘಾತ, ದಮ್ಮು ಬೇರೆ. ಶ್ವಾಸಕೋಶ ಕ್ಯಾನ್ಸರ್ ಒಂದನ್ನೇ ಹಿಡಿದು ಅಳೆದರೆ ಬೀಡಿಗೆ ರಿಯಾಯಿತಿ ಸಿಕ್ಕಂತೆ. ಜಗಿಯುವ ತಂಬಾಕಂತೂ ಆ ಲೆಕ್ಕದ ಹೊರಗೇ ಉಳಿಯುತ್ತದೆ. 2016–17ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕಿನವರು 16.3. ಶಿರಸಿ ಸೀಮೆಯ ಮನೆಗಳಲ್ಲಿ ಬಂದವರ ಮುಂದೆ ಕವಳದ ತಟ್ಟೆ ಇಡದಿದ್ದರೆ ಮರ್ಯಾದೆ ಕೊಟ್ಟಂತಾಗದು, ಅದರಲ್ಲೊಂದು ಎಸಳು ತಂಬಾಕು ಇದ್ದೇ ಇರುತ್ತದೆ. ಅದರ ಲೆಕ್ಕ ಬಾಯಿ ಕ್ಯಾನ್ಸರಿನ ಪಟ್ಟಿಗೆ ಸೇರುತ್ತದೆ. ಒಮ್ಮೆಯೂ ಸೇದದ ಹೆಂಗಸರಿಗೂ ಶ್ವಾಸಕೋಶ ಕ್ಯಾನ್ಸರ್ ಬರುವುದು ಕೂಡ ನಿಜ. ಮನೆಯವರು ಬಿಟ್ಟ ಹೊಗೆ, ಒಲೆಯ ಹೊಗೆ, ಗಾಳಿಯ ಮಾಲಿನ್ಯ ಎಲ್ಲವೂ ಅದರಲ್ಲಿ ಪಾಲುದಾರ.

ಕಾನೂನುಗಳ ಕತೆ ಗೊತ್ತಿದ್ದದ್ದೇ. 1975ರಲ್ಲಿ ಸಿಗರೇಟು ಪ್ಯಾಕಿನ ಮೇಲೆ ಒಂದು ಸಾಲು ಎಚ್ಚರಿಕೆ, 2003ರ ತಂಬಾಕು ನಿಯಂತ್ರಣ ಕಾಯ್ದೆ, 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳದಲ್ಲಿ ನಿಷೇಧ, 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ಬಂದ್. ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರಲ್ಲಿ ಬಂತು, 2017ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಬಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಮತ್ತೆ ಎದ್ದಿತು. ಬಿಡಿಯಾಗಿ ಒಂದು ಸಿಗರೇಟು ಕೊಳ್ಳುವವನಿಗೆ ಚಿತ್ರ ಕಾಣುವುದೇ ಇಲ್ಲ, ಅದು ಬೇರೆ ಮಾತು. ಈಗ ರಾಜ್ಯದಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದಾರೆ. ಗೂಡಂಗಡಿಯಲ್ಲಿ ವಯಸ್ಸು ಕೇಳುವವರು ಯಾರು ಎಂಬುದು ಹಾಗಿರಲಿ, ಕೇಳಿದರೂ ಅದರ ಫಲ ಸಾವಿನ ಅಂಕಿಯಲ್ಲಿ ಕಾಣುವುದು 2050ರ ಹೊತ್ತಿಗೆ.

ಈಗಾಗಲೇ ಸೇದುತ್ತಿರುವವರ ಲೆಕ್ಕ ಅಷ್ಟು ಕಾಯುವುದಿಲ್ಲ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ಡಾಲ್ ಅಧ್ಯಯನ 2004ರಲ್ಲಿ ಹೇಳಿದ್ದು ಇದು: ಸೇದುತ್ತಲೇ ಇರುವವರಿಗಿಂತ 40ಕ್ಕೆ ಬಿಟ್ಟವರು ಸುಮಾರು 9 ವರ್ಷ, 50ಕ್ಕೆ ಬಿಟ್ಟವರು 6 ವರ್ಷ, 60ಕ್ಕೆ ಬಿಟ್ಟವರು 3 ವರ್ಷ ಹೆಚ್ಚು ಬದುಕಿದರು.