ನಡೆಯುವ ಯಂತ್ರ, ಅದನ್ನು ನಡೆಸಿದ ಮಂದಿ

ಎರಡು ಕಾಲಿನ ರೋಬೋಟ್‌ಗಳ ಸುದ್ದಿ ಈಗ ವಾರಕ್ಕೊಂದಾದರೂ ಬರುತ್ತದೆ. ಒಂದು ಕಂಪನಿಯದು ಗೋದಾಮಿನಲ್ಲಿ ಡಬ್ಬ ಎತ್ತಿಡುತ್ತದೆ, ಇನ್ನೊಂದರದು ಕುಣಿಯುತ್ತದೆ, ಮತ್ತೊಂದರದು ಪಲ್ಟಿ ಹೊಡೆಯುತ್ತದೆ. ಯಾರು ಮೊದಲು, ಯಾರದು ಯಾರಿಂದ ಬಂತು ಎಂದು ಕೇಳಿದರೆ ತಲೆಬುಡ ಸಿಗುವುದಿಲ್ಲ. ಕಂಪನಿಗಳ ಹೆಸರು ಬದಿಗಿಟ್ಟು, ಯಾರು ಯಾರ ಹತ್ತಿರ ಕಲಿತರು ಎಂದು ನೋಡಿದರೆ ದಾರಿ ತಿಳಿಯಾಗುತ್ತದೆ. ಆ ದಾರಿಗಳಲ್ಲಿ ಹಲವು ಹಾದುಹೋಗುವ ಒಂದು ಜಾಗ ಅಮೆರಿಕದ ಒರೆಗಾನ್ ರಾಜ್ಯದ ಕೊರ್ವಾಲಿಸ್. ಅಲ್ಲಿನ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಡೈನಮಿಕ್ ರೋಬೋಟಿಕ್ಸ್ ಲ್ಯಾಬ್ ಈ ಲೇಖನದ ವಸ್ತು.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಬಹುದು. 1960ರ ದಶಕದ ಕೊನೆಯಲ್ಲಿ ಬೆಲ್‌ಗ್ರೇಡಿನಲ್ಲಿ ಮಿಯೊಮಿರ್ ವುಕೊಬ್ರಾಟೊವಿಚ್ ನಡಿಗೆಯ ಸಮತೋಲನಕ್ಕೆ ಗಣಿತ ಕೊಟ್ಟರು. 1973ರಲ್ಲಿ ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ತಂಡ ವಾಬಾಟ್-1 ಎಂಬ ಎರಡು ಕಾಲಿನ ರೋಬೋಟನ್ನು ನಡೆಸಿತು. ಹೋಂಡಾ 1986ರಿಂದ ಗುಟ್ಟಾಗಿ ದುಡಿದು 1996ರಲ್ಲಿ ಪಿ2 ರೋಬೋಟನ್ನು, 2000ದಲ್ಲಿ ಅಸಿಮೊವನ್ನು ತೋರಿಸಿತು. ಹೋಂಡಾ ರೋಬೋಟ್‌ಗಳದು ಗದ್ದೆಯ ಬದುವಿನ ಮೇಲೆ ಹೊರೆ ಹೊತ್ತು ಹೋಗುವವರ ನಡಿಗೆ: ಪಾದ ಪೂರ್ತಿ ಊರಿ, ಮಂಡಿ ಬಗ್ಗಿಸಿಕೊಂಡು, ಪ್ರತಿ ಹೆಜ್ಜೆಯನ್ನೂ ಲೆಕ್ಕ ಹಾಕಿ ಇಡುವುದು.

ಇನ್ನೊಂದು ಗುಂಪಿನವರು ಬೀಳುವುದನ್ನೇ ನಡಿಗೆಯ ಭಾಗವೆಂದು ಒಪ್ಪಿಕೊಂಡರು. ಮಾರ್ಕ್ ರೈಬರ್ಟ್ 1980ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲೆಗ್ ಲ್ಯಾಬ್ ಶುರು ಮಾಡಿ, ಒಂದೇ ಕಾಲಿನ ಯಂತ್ರವನ್ನು ಕುಪ್ಪಳಿಸುವಂತೆ ಮಾಡಿದರು. ಆ ಯಂತ್ರಕ್ಕೆ ಸುಮ್ಮನೆ ನಿಲ್ಲುವುದೇ ಗೊತ್ತಿರಲಿಲ್ಲ. ಜಿಗಿಯುತ್ತಿದ್ದರೆ ಮಾತ್ರ ಅದಕ್ಕೆ ನೆಲೆ. ಲ್ಯಾಬ್ ಮುಂದೆ ಎಂಐಟಿಗೆ ಹೋಯಿತು. 1992ರಲ್ಲಿ ರೈಬರ್ಟ್ ಬಾಸ್ಟನ್ ಡೈನಮಿಕ್ಸ್ ಎಂಬ ಕಂಪನಿ ಕಟ್ಟಿದರು. ಲ್ಯಾಬನ್ನು ಮುಂದುವರಿಸಿದ ಗಿಲ್ ಪ್ರ್ಯಾಟ್ ಮೋಟಾರಿಗೂ ಕೀಲಿಗೂ ನಡುವೆ ಸ್ಪ್ರಿಂಗ್ ಕೂರಿಸುವ ವಿಧಾನವನ್ನು ಬೆಳೆಸಿದರು. ಕೆನಡಾದಲ್ಲಿ ಟ್ಯಾಡ್ ಮೆಕ್‌ಗೀರ್ ಮೋಟಾರೇ ಇಲ್ಲದ ಜೋಡಿ ಕಾಲು ಇಳಿಜಾರಿನಲ್ಲಿ ತಾನಾಗಿ ನಡೆದುಹೋಗುತ್ತದೆ ಎಂದು 1990ರಲ್ಲಿ ತೋರಿಸಿದರು. ಅದೇ ಜಾಡಿನಲ್ಲಿ ಕಾರ್ನೆಲ್‌ನ ಆಂಡಿ ರೂಯಿನಾ ತಂಡದ ರೇಂಜರ್ 2011ರಲ್ಲಿ ಒಂದೇ ಚಾರ್ಜ್‌ನಲ್ಲಿ 65 ಕಿಲೋಮೀಟರ್ ನಡೆಯಿತು. ಈ ಸಾಧನೆ ಇನ್ನೂ ದೊಡ್ಡ ಸುದ್ದಿಯಾಗಬೇಕಿತ್ತು ಎಂದು ನನಗನ್ನಿಸುತ್ತದೆ. ಶಕ್ತಿ ಪೋಲು ಮಾಡದೆ ನಡೆಯುವುದು ಪಲ್ಟಿ ಹೊಡೆಯುವುದಕ್ಕಿಂತ ಕಷ್ಟದ ವಿದ್ಯೆ.

ಕೊರ್ವಾಲಿಸ್‌ಗೆ ದಾರಿ ಹೊರಳುವುದು ಮಿಷಿಗನ್ ವಿಶ್ವವಿದ್ಯಾಲಯದ ಮೂಲಕ. ಅಲ್ಲಿನ ಪ್ರಾಧ್ಯಾಪಕ ಜೆಸ್ಸಿ ಗ್ರಿಜಲ್ ನಿಯಂತ್ರಣ ಸಿದ್ಧಾಂತದವರು, ಅಂದರೆ ಯಂತ್ರಗಳನ್ನು ಹತೋಟಿಯಲ್ಲಿಡುವ ಗಣಿತದವರು. ವಾಹನಗಳ ಎಂಜಿನ್ ನಿಯಂತ್ರಣದಲ್ಲೂ ಕೆಲಸ ಮಾಡಿದವರು. ಫ್ರಾನ್ಸಿನ ಸಂಶೋಧಕರು ಕಟ್ಟಿದ್ದ ರ‍್ಯಾಬಿಟ್ ಎಂಬ ಪಾದವಿಲ್ಲದ ರೋಬೋಟ್ ಅವರನ್ನು ಈ ಕಡೆ ಎಳೆಯಿತು. ಕಾರ್ನೆಗಿ ಮೆಲನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜೊನಾಥನ್ ಹರ್ಸ್ಟ್ ಜೊತೆ ಸೇರಿ ಅವರು ಮೇಬಲ್ ಎಂಬ ರೋಬೋಟನ್ನು ರೂಪಿಸಿದರು. ಉದ್ದದ ತೋಳೊಂದಕ್ಕೆ ಕಟ್ಟಿಸಿಕೊಂಡು ಗಾಣದೆತ್ತಿನಂತೆ ಸುತ್ತುತ್ತಿದ್ದ ಮೇಬಲ್, 2011ರಲ್ಲಿ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಓಡಿತು. ಅದನ್ನು ಓಡಿಸಿದ ತಂಡದಲ್ಲಿದ್ದ ಪಿಎಚ್‌ಡಿ ವಿದ್ಯಾರ್ಥಿ ಕೌಶಿಲ್ ಶ್ರೀನಾಥ್ ಇಂದು ಬರ್ಕ್ಲಿಯಲ್ಲಿ ಪ್ರಾಧ್ಯಾಪಕರು.

ಹರ್ಸ್ಟ್ 2008ರಲ್ಲಿ ಒರೆಗಾನ್ ಸ್ಟೇಟ್ ಸೇರಿದರು. ಮನುಷ್ಯನ ಆಕಾರವನ್ನು ನಕಲು ಮಾಡಿದರೆ ನಡಿಗೆ ಬರುವುದಿಲ್ಲ, ನಡಿಗೆಯ ಹಿಂದಿನ ಭೌತಶಾಸ್ತ್ರವನ್ನು ಯಂತ್ರದೊಳಗೆ ಕಟ್ಟಬೇಕು ಎಂಬ ಹಟ ಅವರದು. ಓಡುವ ಪ್ರಾಣಿಯನ್ನು ಒಂದು ತೂಕ, ಅದರ ಕೆಳಗೊಂದು ಸ್ಪ್ರಿಂಗ್ ಎಂದು ಲೆಕ್ಕ ಹಾಕಬಹುದೆಂದು ಜೀವಶಾಸ್ತ್ರಜ್ಞರು ಆಗಲೇ ತೋರಿಸಿದ್ದರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿದ್ದ ಮೋನಿಕಾ ಡೇಲಿ ಗಿನಿಕೋಳಿಯಂಥ ಹಕ್ಕಿಗಳು ತಗ್ಗುದಿಣ್ಣೆಯಲ್ಲಿ ಓಡುವುದನ್ನು ಅಳೆಯುತ್ತಿದ್ದರು. ಇವೆಲ್ಲ ಸೇರಿ ಹುಟ್ಟಿದ್ದು ಏಟ್ರಿಯಸ್: ತೆಳ್ಳನೆ ಕಾರ್ಬನ್ ಫೈಬರ್ ಕಾಲು, ಸೊಂಟದ ಬಳಿ ಪಟ್ಟಿಯಂಥ ಫೈಬರ್‌ಗ್ಲಾಸ್ ಸ್ಪ್ರಿಂಗ್, ಪಾದದ ಜಾಗದಲ್ಲಿ ಬರೀ ಚೂಪು ತುದಿ. ಒಂದೇ ನಮೂನೆಯ ರೋಬೋಟ್ ಒರೆಗಾನ್, ಮಿಷಿಗನ್, ಕಾರ್ನೆಗಿ ಮೆಲನ್ ಮೂರೂ ಕಡೆ ಇತ್ತು. ಮೂರು ಲ್ಯಾಬ್‌ಗಳು ಒಂದೇ ದೇಹದ ಮೇಲೆ ಬೇರೆ ಬೇರೆ ಲೆಕ್ಕಾಚಾರ ಓಡಿಸಿ ನೋಡುವಂಥ ಅವಕಾಶ ಈ ಕ್ಷೇತ್ರದಲ್ಲಿ ಅಪರೂಪ.

ಏಟ್ರಿಯಸ್ ಕೈಯಿಂದ ತಳ್ಳಿದರೂ, ಚೆಂಡಿನಿಂದ ಹೊಡೆದರೂ ಬೀಳದೆ ನಡೆಯುತ್ತಿತ್ತು. ಆದರೆ ಅದಕ್ಕೆ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ. ಪಾದವಿಲ್ಲದ್ದರಿಂದ ನಿಂತಲ್ಲೇ ತಕತಕ ಹೆಜ್ಜೆ ಹಾಕುತ್ತಲೇ ಇರಬೇಕಿತ್ತು. ಇದಕ್ಕಿಂತ ದೊಡ್ಡ ತೊಡಕು ಒಳಗಿತ್ತು. ಕಾಲನ್ನು ಚಲಿಸುವ ಎರಡು ಮೋಟಾರ್‌ಗಳಲ್ಲಿ ಒಂದು ತಳ್ಳುವಾಗ ಇನ್ನೊಂದು ಬ್ರೇಕಿನಂತೆ ಎಳೆದು ಹಿಡಿಯುತ್ತಿತ್ತು. ಕೀಲುಗಳ ಜೋಡಣೆಯೇ ಹಾಗಿತ್ತು. ಬ್ಯಾಟರಿಯ ಎಷ್ಟೋ ಶಕ್ತಿ ಮೋಟಾರ್‌ಗಳ ಈ ಪರಸ್ಪರ ಜಗ್ಗಾಟಕ್ಕೇ ಹೋಗುತ್ತಿತ್ತು. ಕಾಗದದ ಮೇಲೆ ಸರಳವಾಗಿ ಕಂಡ ಕಾಲು ಕಟ್ಟಿ ನಡೆಸಿದ ಮೇಲೆಯೇ ತನ್ನ ಗುಟ್ಟು ಬಿಟ್ಟುಕೊಟ್ಟಿತು. ವರ್ಷಗಟ್ಟಲೆ ಕಾಯಲು ಒಪ್ಪಿದ ಸರ್ಕಾರಿ ಅನುದಾನವಿಲ್ಲದಿದ್ದರೆ ಈ ಪಾಠ ಸಿಗುತ್ತಿರಲಿಲ್ಲ.

ಪಾಠವನ್ನೆಲ್ಲ ಬಳಸಿ ಕಟ್ಟಿದ್ದು ಕ್ಯಾಸಿ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 10 ಲಕ್ಷ ಡಾಲರ್ ಕೊಟ್ಟಿತು, ಅವಧಿ 16 ತಿಂಗಳು. ಕಾಲಿಗೆ ಐದರಂತೆ ಹತ್ತು ಮೋಟಾರ್, ಎಮು ಹಕ್ಕಿಯಂತೆ ಹಿಂದಕ್ಕೆ ಬಾಗಿದ ಕಾಲು, ಈ ಸಲ ನಿಲ್ಲಲು ಪಾದವೂ ಇತ್ತು. ಕೈ ಇಲ್ಲ, ಕ್ಯಾಮೆರಾ ಇಲ್ಲ. ಇದರ ಜೊತೆಜೊತೆಗೇ ಲ್ಯಾಬಿನ ಒಡಲಿಂದ ಅಜಿಲಿಟಿ ರೋಬೋಟಿಕ್ಸ್ ಎಂಬ ಕಂಪನಿ ಹುಟ್ಟಿತು. 2017ರಲ್ಲಿ ಹೊರಜಗತ್ತು ಕಂಡ ಕ್ಯಾಸಿಯನ್ನು ಮಿಷಿಗನ್, ಕ್ಯಾಲ್‌ಟೆಕ್, ಬರ್ಕ್ಲಿಗಳೂ ಕೊಂಡವು.

ಆಮೇಲೆ ಬಂದ ತಿರುವು ಲ್ಯಾಬಿನ ಮೂಲ ನಂಬಿಕೆಗೇ ಪರೀಕ್ಷೆ ಒಡ್ಡಿತು. ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕ ಅಲನ್ ಫರ್ನ್ ಜೊತೆಗೂಡಿದರು. ಸಮೀಕರಣ ಬರೆದು ಹೆಜ್ಜೆ ಇಡಿಸುವ ಬದಲು, ಕಂಪ್ಯೂಟರಿನೊಳಗಿನ ಕ್ಯಾಸಿಯನ್ನು ಲೆಕ್ಕವಿಲ್ಲದಷ್ಟು ಸಲ ಬೀಳಿಸಿ, ಬೀಳದಿದ್ದಾಗ ಅಂಕ ಕೊಟ್ಟು, ನಡಿಗೆಯನ್ನು ತಾನೇ ಕಲಿಯುವಂತೆ ಬಿಟ್ಟರು. ಹಾಗೆ ಕಲಿತ ಕ್ಯಾಸಿ ಕಣ್ಣಿಲ್ಲದೆಯೇ ನಿಜವಾದ ಮೆಟ್ಟಿಲು ಹತ್ತಿ ಇಳಿಯಿತು. ಕಾಲಿಗೆ ಮೆಟ್ಟಿಲು ತಾಗಿದ ಮೇಲೆ ಸಾವರಿಸಿಕೊಂಡು ಮುಂದಿನ ಹೆಜ್ಜೆ ಇಡುವುದು, ಅಷ್ಟೇ. ಸಮೀಕರಣದವರು ಸೋತರು ಎಂದು ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಕಲಿಯುವುದಕ್ಕೆ ಯೋಗ್ಯವಾದ ಕಾಲನ್ನು ಮೊದಲು ಯಾರೋ ಕಟ್ಟಿಕೊಟ್ಟಿದ್ದರಲ್ಲ!

2021ರ ಬೇಸಿಗೆಯಲ್ಲಿ ಕ್ಯಾಸಿ ಕ್ಯಾಂಪಸ್ಸಿನಲ್ಲಿ 5 ಕಿಲೋಮೀಟರ್ ಓಡಿತು, 53 ನಿಮಿಷಕ್ಕೆ ತುಸು ಮೇಲೆ. ಯಾವ ತೋಳಿಗೂ ಕಟ್ಟಿರಲಿಲ್ಲ, ಒಂದೇ ಚಾರ್ಜ್. ನಡುವೆ ಎರಡು ಸಲ ಬಿತ್ತು: ಒಮ್ಮೆ ಕಂಪ್ಯೂಟರ್ ಕಾದು ಕೈಕೊಟ್ಟಿತು, ಇನ್ನೊಮ್ಮೆ ತಿರುವಿನಲ್ಲಿ ವೇಗ ಹೆಚ್ಚಾಯಿತು. ಎತ್ತಿ ನಿಲ್ಲಿಸಿ ಮತ್ತೆ ಹೊರಡಿಸಲು ಹಿಡಿದ ಸುಮಾರು ಆರೂವರೆ ನಿಮಿಷವನ್ನೂ ತಂಡ ಒಟ್ಟು ಸಮಯದಲ್ಲೇ ಲೆಕ್ಕ ಹಿಡಿದು ಹೇಳಿತು. ಮುಂದಿನ ವರ್ಷ 100 ಮೀಟರನ್ನು 24.73 ಸೆಕೆಂಡಿನಲ್ಲಿ ಓಡಿ ಗಿನ್ನೆಸ್ ದಾಖಲೆ ಮಾಡಿತು. ಅಲ್ಲಿ ಅವರನ್ನು ಕಾಡಿದ್ದು ಓಟಕ್ಕಿಂತ ನಿಂತಲ್ಲಿಂದ ಹೊರಡುವುದು ಮತ್ತು ಕೊನೆಗೆ ಬೀಳದೆ ನಿಲ್ಲುವುದು.

ಕ್ಯಾಸಿಗೆ ಮುಂಡ, ಕೈ ಸೇರಿಸಿ ಅಜಿಲಿಟಿ ಕಂಪನಿ 2019ರಲ್ಲಿ ಡಿಜಿಟ್ ಎಂಬ ರೋಬೋಟನ್ನು ತಂದಿತ್ತು. 2024ರಲ್ಲಿ ಅದು ಜಾರ್ಜಿಯಾ ರಾಜ್ಯದ ಗೋದಾಮೊಂದರಲ್ಲಿ ದಿನನಿತ್ಯದ ಕೆಲಸಕ್ಕೆ ಸೇರಿತು. ಇಲ್ಲಿಂದ ಕಥೆ ಹೂಡಿಕೆದಾರರದು. ದೊಡ್ಡ ಸಂಬಳ ಕೊಡುವ ಕಂಪನಿಗಳು ಹುಟ್ಟಿದ ಮೇಲೆ, ಸ್ಟೈಪೆಂಡಿನಲ್ಲಿ ದುಡಿಯುವ ವಿದ್ಯಾರ್ಥಿ ಪದವಿ ಮುಗಿಯುವ ಮೊದಲೇ ಅತ್ತ ನೋಡುವುದು ಸಹಜ. ಹೋದವರನ್ನೂ ಕರೆದವರನ್ನೂ ದೂರುವಂತಿಲ್ಲ. ಆದರೆ ಮೂರು ಲ್ಯಾಬ್‌ಗಳಲ್ಲಿ ಒಂದೇ ರೋಬೋಟ್ ಇದ್ದ ಕಾಲದಲ್ಲಿ ಸೋಲು ಕೂಡ ಪ್ರಬಂಧವಾಗಿ ಹೊರಬರುತ್ತಿತ್ತು. ಮೋಟಾರ್‌ಗಳ ಆ ಜಗ್ಗಾಟ ನಮಗೆ ಗೊತ್ತಾಗಿದ್ದು ಹಾಗೆ. ಇಂದು ಕಂಪನಿಯೊಳಗೆ ಅಂಥದ್ದೇ ತಪ್ಪು ಸಿಕ್ಕರೆ ಅದು ವ್ಯಾಪಾರದ ಗುಟ್ಟು.

ನಮ್ಮ ಕಡೆಗೂ ಈ ವಂಶದ ಒಂದು ಕವಲು ಚಾಚಿದೆ. ಎರಡು ಕಾಲಿನ ರೋಬೋಟ್‌ಗಳಿಗೆ ಹೆಸರಾದ, ಈಗ ಕ್ಯಾಸಿ ಕೊಂಡ ಕ್ಯಾಲ್‌ಟೆಕ್‌ನಲ್ಲಿರುವ ಏರನ್ ಏಮ್ಸ್ ಬಳಿ ಪಿಎಚ್‌ಡಿ ಮಾಡಿದ ಶಿಶಿರ್ ಕೊಳತ್ತಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಅಲ್ಲಿನ ಸ್ಟಾಕ್ ಲ್ಯಾಬ್ ನಾಲ್ಕು ಕಾಲಿನ ರೋಬೋಟ್‌ಗಳನ್ನು ತಾನೇ ಕಟ್ಟಿ ನಡೆಸಿದೆ.

ಚೀನಾದ ಯೂನಿಟ್ರೀ 2024ರಲ್ಲಿ ಜಿ1 ಎಂಬ ಮಾನವಾಕಾರದ ರೋಬೋಟಿಗೆ 16,000 ಡಾಲರ್ ಬೆಲೆ ಹೇಳಿದ ಮೇಲೆ, ಕಾಲನ್ನು ಕೊಂಡುತಂದು ಕೋಡ್ ಮಾತ್ರ ಬರೆಯುವುದು ಲ್ಯಾಬ್‌ಗಳಿಗೆ ಸುಲಭವಾಗಿದೆ. ಬಡ ವಿಶ್ವವಿದ್ಯಾಲಯಗಳಿಗೂ ಬಾಗಿಲು ತೆರೆಯಿತು ಎಂಬುದು ನಿಜವಾದ ಲಾಭ. ಜೊತೆಗೆ ಕಾಲನ್ನೇ ಕಟ್ಟುವ ಮಂದಿಯೂ ಉಳಿಯಬೇಕು. ಲಾಸ್ ಏಂಜಲಿಸ್‌ನ ಯುಸಿಎಲ್‌ಎಯಲ್ಲಿ ಡೆನಿಸ್ ಹಾಂಗ್ ಮತ್ತು ವಿದ್ಯಾರ್ಥಿಗಳು ಮೋಟಾರ್ ಜೋಡಣೆಯನ್ನೂ ತಾವೇ ರೂಪಿಸಿ ಆರ್ಟೆಮಿಸ್ ಕಟ್ಟಿದರು. 2024ರ ರೋಬೋಕಪ್‌ನಲ್ಲಿ ಆಳೆತ್ತರದ ರೋಬೋಟ್‌ಗಳ ಫುಟ್‌ಬಾಲ್ ಗೆದ್ದದ್ದು ಅದೇ.