ಸ್ಟಾರ್ ಇಲ್ಲದ ಹೋಟೆಲಿಗೆ ಏಳು ಸಾವಿರ ಯಾಕೆ ಕೊಡಬೇಕು?

ಪ್ರಶ್ನೆ: ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ. ಬೆಂಗಳೂರಲ್ಲಿ ಒಂದು ಬೂಟೀಕ್ ಹೋಟೆಲ್‌ನಲ್ಲಿ ಎರಡು ದಿನ ಇದ್ದು ಬನ್ನಿ ಅಂತ ಮಗಳು ಹಟ ಹಿಡಿದಿದ್ದಾಳೆ. ನೋಡಿದರೆ ಬರೀ 14 ರೂಮು, ಒಂದು ಸ್ಟಾರೂ ಇಲ್ಲ, ಬಾಡಿಗೆ ಮಾತ್ರ ದಿನಕ್ಕೆ ಏಳು ಸಾವಿರ. ಲಾಡ್ಜಿಗೆ ಅಷ್ಟು ಸುರಿಯೋದು ದಂಡ ಅಲ್ವಾ?

ಉತ್ತರ: ದಂಡ ಅಲ್ಲ. ಖಂಡಿತ ಹೋಗಿ ಬನ್ನಿ.

ದಾವಣಗೆರೆಯಲ್ಲಿ ಕೂತು ಊರಿನವರಿಗೆ ಟಿಕೆಟ್, ರೂಮು ಬುಕ್ ಮಾಡಿಕೊಡುವುದೇ ನನ್ನ ಕೆಲಸ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳುವವರು ಬೇರೆ, ಮಾತು ಅದೇ: ಸ್ಟಾರ್ ಇಲ್ಲ, ಹಾಗಾದರೆ ಲಾಡ್ಜೇ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಸ್ಟಾರ್ ತಾನಾಗಿ ಬಂದು ಬೋರ್ಡಿನ ಮೇಲೆ ಕೂರುವುದಿಲ್ಲ. ಹೋಟೆಲಿನವರು ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಆಮೇಲೆ ಒಂದು ಸಮಿತಿ ಪಟ್ಟಿ ಹಿಡಿದುಕೊಂಡು ಬಂದು ತಪಾಸಣೆ ಮಾಡುತ್ತದೆ. ಒಂದರಿಂದ ಐದರವರೆಗೆ, ಅದರ ಮೇಲೆ ಫೈವ್ ಸ್ಟಾರ್ ಡೀಲಕ್ಸ್. ಸಿಕ್ಕಿದ ಸ್ಟಾರ್ 5 ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಅರ್ಜಿ. ಮುಖ್ಯವಾದ ಮಾತು ಏನೆಂದರೆ, ಇದು ಕಡ್ಡಾಯ ಅಲ್ಲವೇ ಅಲ್ಲ. ಬೇಕಾದವರು ಮಾಡಿಸುತ್ತಾರೆ, ಬೇಡದವರು ಬಿಡುತ್ತಾರೆ. ಅರ್ಜಿಯನ್ನೇ ಹಾಕದವರಿಗೆ ಸ್ಟಾರ್ ಎಲ್ಲಿಂದ ಬರಬೇಕು? ಪರೀಕ್ಷೆಗೇ ಕೂರದ ಹುಡುಗನನ್ನು ಫೇಲ್ ಅಂದರೆ ಹೇಗೆ?

ಆ ಪಟ್ಟಿ ನೋಡುವುದು ಏನನ್ನು? ರೂಮಿನ ಅಳತೆ, ಬಾತ್‌ರೂಮು, ಲಿಫ್ಟು, ಊಟದ ಹಾಲ್, ಪಾರ್ಕಿಂಗು, ಇಂಥವು. ಇವೆಲ್ಲ ಬೇಕಾದವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಬಸವನಗುಡಿಯಲ್ಲೋ ರಿಚ್ಮಂಡ್ ಟೌನಿನಲ್ಲೋ ಇರುವ ಹಳೇ ಬಂಗಲೆಯನ್ನು ರಿಪೇರಿ ಮಾಡಿ ಹತ್ತು ಹನ್ನೆರಡು ರೂಮು ಮಾಡಿದವರು, ಆ ಮರದ ಮೆಟ್ಟಿಲು ಕಿತ್ತು ಲಿಫ್ಟ್ ಯಾಕೆ ಹಾಕಬೇಕು? ಅಲ್ಲಿಗೆ ಜನ ಹೋಗುವುದೇ ಆ ಮೆಟ್ಟಿಲು, ಆ ರೆಡ್ ಆಕ್ಸೈಡ್ ನೆಲ, ಕಿಟಕಿಯ ಮೇಲಿನ ಮಂಕಿ ಟಾಪ್ ಅನ್ನುವ ಚೂಪು ಮರದ ಮಾಡು ನೋಡಲು. ಹಳೇ ಕಟ್ಟಡಗಳಿಗೆ ಅಂತಲೇ ಸಚಿವಾಲಯದಲ್ಲಿ ಬೇರೆ ವರ್ಗ ಇದೆ, ಹೆರಿಟೇಜ್ ಹೋಟೆಲ್ ಅಂತ. 1950ಕ್ಕಿಂತ ಮುಂಚೆ ಕಟ್ಟಿದ್ದಾಗಿರಬೇಕು. ಅದಕ್ಕೂ ಅರ್ಜಿ ಹಾಕಿದರೆ ಮಾತ್ರ.

ಇನ್ನು ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಸ್ಟಾರು. ಎಷ್ಟೋ ಕಡೆ ಅದನ್ನು ಹೋಟೆಲಿನವರೇ ತುಂಬಿರುತ್ತಾರೆ, ಇಲ್ಲ ಆ್ಯಪಿನವರು ತಮ್ಮದೇ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಸರ್ಕಾರದ ಸ್ಟಾರಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ.

ಬೂಟೀಕ್ ಅಂದರೆ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ಅಂಗಡಿ. ನಮ್ಮ ಪಿ.ಜೆ. ಬಡಾವಣೆ ಕಡೆ ಬ್ಲೌಸ್ ಹೊಲಿಯುವ ಅಂಗಡಿಗಳ ಮೇಲೆ ಈ ಬೋರ್ಡ್ ನೋಡಿಯೇ ಇರುತ್ತೀರಿ. ರೆಡಿಮೇಡ್ ಅಂಗಡಿಯಲ್ಲಿ ಸಾವಿರ ಬ್ಲೌಸ್ ಇರಬಹುದು. ಇಲ್ಲಿ ಟೇಪು ಹಿಡಿದು ನಿಮ್ಮ ತೋಳಿನ ಅಳತೆ ತೆಗೆದುಕೊಳ್ಳುತ್ತಾರೆ, ಕಳೆದ ಸಲ ಬಿಗಿಯಾಗಿತ್ತು ಅಂದಿದ್ದು ನೆನಪಿಟ್ಟುಕೊಳ್ಳುತ್ತಾರೆ. ಬೂಟೀಕ್ ಹೋಟೆಲೂ ಹಾಗೇ: ರೂಮು ಕಮ್ಮಿ, ಬಂದವರ ಮೇಲೆ ಗಮನ ಜಾಸ್ತಿ. ಲಂಡನ್ನಿನ ಬ್ಲೇಕ್ಸ್ 1978ರಲ್ಲಿ, ನ್ಯೂಯಾರ್ಕಿನ ಮಾರ್ಗನ್ಸ್ 1984ರಲ್ಲಿ ಶುರುವಾದವು. ಈ ತರಹದ ಹೋಟೆಲುಗಳಲ್ಲಿ ಮೊದಮೊದಲಿನವು ಅಂತ ಇವನ್ನೇ ಹೇಳುತ್ತಾರೆ.

ಹೋದ ವರ್ಷ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೋದಾಗ ಇಂಥದ್ದೇ ಒಂದು ಮನೆಯಲ್ಲಿದ್ದೆವು. 11 ರೂಮು. ನಮ್ಮದು ಮೇಲಿನ ಮಹಡಿಯಲ್ಲಿತ್ತು. ಅಮ್ಮ ಜಗಲಿ ಹತ್ತುವಾಗ ಕಂಬ ಹಿಡಿದುಕೊಂಡಿದ್ದನ್ನು ಕೌಂಟರಿನ ಹುಡುಗಿ ನೋಡಿದ್ದಳು. ನಾವು ಕೇಳಲಿಲ್ಲ, ಅವಳೇ ಕೆಳಗಿನ ರೂಮಿನ ಕೀ ಕೊಟ್ಟಳು. ರಾತ್ರಿ ಅಮ್ಮ ಫ್ಲಾಸ್ಕಿನಲ್ಲಿ ಬಿಸಿನೀರು ಕೇಳಿದ್ದರು. ಮಾರನೇ ರಾತ್ರಿ ಕೇಳುವ ಮುಂಚೆಯೇ ಫ್ಲಾಸ್ಕು ಮಂಚದ ಪಕ್ಕದಲ್ಲಿತ್ತು, ಕಣ್ಣಿನ ಹನಿ ಬಾಟಲಿಯ ಪಕ್ಕ, ಕೈಗೆ ಎಟುಕುವ ಹಾಗೆ. ಇದನ್ನು ಯಾವ ಪಟ್ಟಿಯಲ್ಲಿ ಎಣಿಸುತ್ತೀರಿ?

ಹಾಗಂತ ಬೂಟೀಕ್ ಅಂತ ಬರೆದದ್ದೆಲ್ಲ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ಆ ಹೆಸರು ಹಾಕಿಕೊಳ್ಳಲು ಯಾರ ಪರವಾನಗಿಯೂ ಬೇಕಿಲ್ಲ. ನಾಲ್ಕು ಬಣ್ಣದ ದಿಂಬು ಇಟ್ಟು ಬೂಟೀಕ್ ಅನ್ನುವವರೂ ಇದ್ದಾರೆ. ಬುಕ್ ಮಾಡುವ ಮುಂಚೆ ನೇರವಾಗಿ ಹೋಟೆಲಿಗೆ ಫೋನ್ ಮಾಡಿ. ಯಾವ ರೂಮು ರಸ್ತೆ ಕಡೆ ಇದೆ, ಯಾವುದಕ್ಕೆ ಬೆಳಗಿನ ಬಿಸಿಲು ಬರುತ್ತದೆ ಅಂತ ಕೇಳಿ. ತಕ್ಷಣ ಹೇಳಿದರೆ ಆ ಮನೆ ಅವರಿಗೆ ಗೊತ್ತು ಅಂತ ಅರ್ಥ. ತಡವರಿಸಿದರೆ ಬೇರೆ ನೋಡಿ.

ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ವರೆಗಿನ ರೂಮಿಗೆ ಜಿಎಸ್‌ಟಿ 5%, ಅದರ ಮೇಲೆ ಹೋದರೆ 18%. ಅಂದರೆ ₹7,400ರ ರೂಮು ಕೈಗೆ ಬರುವಾಗ ₹7,770. ₹7,600ರ ರೂಮು ₹8,968. ಇನ್ನೂರು ರೂಪಾಯಿ ಜಾಸ್ತಿ ಅಂತ ಸುಮ್ನೆ ದೊಡ್ಡ ರೂಮಿಗೆ ಹೂಂ ಅಂದರೆ ಬಿಲ್ಲಿನಲ್ಲಿ ₹1,198 ಏರುತ್ತದೆ. ನಿಮ್ಮ ಏಳು ಸಾವಿರದ ರೂಮು ಈ ಗೆರೆಯ ಒಳಗೇ ಇದೆ, ಒಳ್ಳೇದಾಯಿತು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ನಮ್ಮ ಊರಿನವರು ತೊಂದರೆ ಪಡುವುದು ಇಲ್ಲೇ. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಸೀದಾ ಹೋಗಿ ಸ್ನಾನ ಮಾಡೋದು ನಮ್ಮ ರೂಢಿ. ಮೆಜೆಸ್ಟಿಕ್ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇರುವುದರಿಂದ ಅದು ನಡೆಯುತ್ತದೆ. ಬೂಟೀಕ್ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಎರಡರ ಸುಮಾರಿಗೆ ರೂಮು ಕೊಡುತ್ತಾರೆ, ಹನ್ನೊಂದೋ ಹನ್ನೆರಡೋ ಗಂಟೆಗೆ ಖಾಲಿ ಮಾಡಬೇಕು. ಹತ್ತೇ ರೂಮು ಇರುವ ಕಡೆ ಹಿಂದಿನವರು ಎದ್ದು ಹೋಗದೆ ನಿಮಗೆ ಎಲ್ಲಿಂದ ಕೊಡುತ್ತಾರೆ? ಬೆಳಗ್ಗೆ ಐದಕ್ಕೆ ಗೇಟಿಗೆ ಬೀಗ ಹಾಕಿರುವುದೂ ಉಂಟು. ಅದಕ್ಕೇ ಮಧ್ಯಾಹ್ನದ ವಂದೇ ಭಾರತ್ ಹಿಡಿಯಿರಿ. ಸಂಜೆ ಇಳಿದು ಹೋಗುವಷ್ಟರಲ್ಲಿ ರೂಮು ಸಿದ್ಧವಾಗಿರುತ್ತದೆ. ಆಧಾರ್ ಇಬ್ಬರದ್ದೂ ತೆಗೆದುಕೊಂಡು ಹೋಗಿ. ಪ್ಯಾನ್ ಕಾರ್ಡ್ ತೋರಿಸಿದರೆ ಒಪ್ಪುವುದಿಲ್ಲ, ಅದರಲ್ಲಿ ವಿಳಾಸ ಇರುವುದಿಲ್ಲ. ಮತ್ತೆ, 25ನೇ ವರ್ಷ ಅಂತ ಫೋನಿನಲ್ಲೇ ಒಂದು ಮಾತು ಹೇಳಿಬಿಡಿ.